ಭುಜದ ಖಾನೆ

ಮಾರ್ಚ್ 4, ಬೆಳಗ್ಗೆ

ಅಕ್ಕ ಮತ್ತೆ ಕೋಡ್ ಬದಲಾಯಿಸಿದ್ದಾಳೆ. ನನ್ನ ಫೋರ್ಕ್ ಮತ್ತೆ ಹಿಂದೆ ಬಿತ್ತು. ಟೈಲರ್‌ಗಳು ಅಳತೆ ಬರೆದಿಡುವ ಪ್ರೋಗ್ರಾಂ — ಮೂಲ ಅವಳದು. ಅದರ ಕಾಪಿ ತೆಗೆದು ಅಪ್ಪನ ಅಂಗಡಿಗೆ ಹೊಂದಿಸಿಕೊಂಡದ್ದು ನಾನು; ಆ ಕಾಪಿಯೇ ಫೋರ್ಕ್. ಅವಳು ಅಲ್ಲಿ ಒಂದು ಸಾಲು ಅಲ್ಲಾಡಿಸಿದರೆ ಇಲ್ಲಿ ನನ್ನ ಅರ್ಧ ದಿನ ಹೋಯಿತು. ಅವಳ ಬದಲಾವಣೆ ನನ್ನದಕ್ಕೂ ಬರುವಂತೆ ಸಿಂಕ್ ಮಾಡಿದೆ. ಹಲ್ಲು ಕಚ್ಚಿಕೊಂಡು.

ಮಾರ್ಚ್ 9

ಗಿರಾಕಿಯೊಬ್ಬರು ಸ್ಕ್ರೀನ್ ನೋಡಿ ಹೊಗಳಿದರು. ಅಪ್ಪ ಬಾಯಲ್ಲಿದ್ದ ಗುಂಡುಸೂಜಿ ತೆಗೆದು, "ನಮ್ಮ ದೊಡ್ಡವಳು ಮಾಡಿದ್ದು" ಅಂದರು. ಗಿರಾಕಿ ಹೊಗಳಿದ್ದು ಭುಜದ ಖಾನೆಯನ್ನು! ಯಾರ ಯಾವ ಭುಜ ಎಷ್ಟು ಇಳಿದಿದೆ ಎಂದು ಚಿತ್ರದಲ್ಲಿ ತೋರಿಸುವುದು. ಅಕ್ಕನ ಮೂಲದಲ್ಲಿ ಅದು ಇಲ್ಲವೇ ಇಲ್ಲ. ಬರೆದವಳು ನಾನು. ಪಕ್ಕದಲ್ಲೇ ಕಾಜಾ ಹೊಲಿಯುತ್ತಿದ್ದೆ — ಎಳೆದ ರಭಸಕ್ಕೆ ದಾರ ತುಂಡಾಯಿತು.

ಮಾರ್ಚ್ 10

ಅಕ್ಕನದು ಇನ್ನೊಂದು ಬದಲಾವಣೆ. ಸಿಂಕ್ ಒತ್ತಿದೆ. ಎರಡೂ ಹೊಂದುತ್ತಿಲ್ಲ, ನಿನ್ನ ಬದಲಾವಣೆಗಳನ್ನು ಕೈಬಿಡಲೇ ಎಂದು ಕೇಳಿತು. ನಿನ್ನೆಯ ಉರಿ ಇನ್ನೂ ಆರಿರಲಿಲ್ಲ. ಎಲ್ಲ ಅವಳದೇ ಆಗಲಿ, ತಗೋ. ಡಿಸ್ಕಾರ್ಡ್ ಒತ್ತಿದೆ.

ನನ್ನದೆಲ್ಲ ಹೋಯಿತು. ಬ್ರೌಸರಿನಲ್ಲೇ ಬರೆಯುವ ಕೆಟ್ಟ ಅಭ್ಯಾಸ... ಬೇರೆ ಕಾಪಿ ಇಲ್ಲ.

ಮಾರ್ಚ್ 14

ಕೋಟಿನ ಬಟ್ಟೆ ಮೇಜಿನ ಮೇಲೆ ಹಾಗೇ ಬಿದ್ದಿದೆ.

"ಭುಜದ್ದು ಎಲ್ಲಿ ಹೋಯ್ತಮ್ಮಾ? ಅದಿಲ್ದೆ ಕತ್ತರಿ ಹಾಕೋಕೆ ಕೈ ಬರ್ತಿಲ್ಲ" ಅಂದರು ಅಪ್ಪ.

"ಅಕ್ಕನ್ನೇ ಕೇಳಿ" ಅಂದೆ. ಕೇಳಿಯೇಬಿಟ್ಟರು! ಸಂಜೆ ಅವಳ ಫೋನ್.

"ಎಲ್ಲಾ ಅಳಿಸಿಬಿಟ್ಯಾ? ಅಳಬೇಡ ಕಣೇ, ನನ್ನ ಹತ್ರ ಇದೆ. ನೀನು ಏನೇ ಬರೆದ್ರೂ ಅವತ್ತೇ ಇಳಿಸ್ಕೋತೀನಿ."

"ಯಾಕೆ?"

"ಹೊಟ್ಟೆಕಿಚ್ಚು ಕಣೇ. ನನ್ನದನ್ನ ಎಲ್ಲೆಲ್ಲಿಯವರೋ ಬಳಸ್ತಾರೆ. ಅಪ್ಪ ಬಟ್ಟೆ ಕತ್ತರಿಸೋದು ನಿನ್ನದನ್ನ ನೋಡ್ಕೊಂಡು."

ಊಟ ಆಯ್ತಾ ಅಂತ ಕೇಳಿದೆ.

ಮಾರ್ಚ್ 15

ಕಳಿಸಿದಳು. ಮರಳಿ ಹಾಕಿದೆ. ಅಪ್ಪ ಸ್ಕ್ರೀನ್ ನೋಡಿ, ಎಡಭುಜಕ್ಕೆ ಸೀಮೆಸುಣ್ಣದ ಗೆರೆ ಎಳೆದು ಕತ್ತರಿ ಹಿಡಿದರು. ಅಕ್ಕನಿಗೂ ನನ್ನ ಮೇಲೆ ಹೊಟ್ಟೆಕಿಚ್ಚಂತೆ — ನಿನ್ನೆಯಿಂದ ಒಳಗೊಳಗೇ ಹಿಗ್ಗು. ನಾಚಿಕೆಯೂ ಇಲ್ಲ ನನಗೆ.

ಈಗ ಅಕ್ಕನ ಮೆಸೇಜ್: "ಭುಜದ ಖಾನೆ ಮೂಲಕ್ಕೇ ಸೇರಿಸ್ಲಾ? ನಿನ್ನ ಹೆಸರಲ್ಲೇ."

ಸೇರಿಸಿದರೆ ಎಲ್ಲ ಟೈಲರ್‌ಗಳಿಗೂ ಸಿಗುತ್ತದೆ. ಸಿಂಕ್ ತಲೆನೋವು ತಪ್ಪುತ್ತದೆ. ನನ್ನ ಫೋರ್ಕೇ ಬೇಕಾಗುವುದಿಲ್ಲ... ಅಕ್ಕ ಹೊಟ್ಟೆಕಿಚ್ಚು ಪಡಲು ಏನೂ ಉಳಿಯುವುದಿಲ್ಲ.

"ಹೂಂ" ಅಂತ ಟೈಪ್ ಮಾಡಿದೆ. ಅಳಿಸಿದೆ. ಮತ್ತೆ ಟೈಪ್—