ಮೇಲಿನ ಮಹಡಿಯ ಓರಗಿತ್ತಿ

ಮಾರ್ಚ್ 3

ನಿಘಂಟಿನ ಕೆಲಸ ಇವತ್ತು ‘ಯೆಂತ್ರಿ’ಗೆ ಬಂತು. ರಷ್ಯನ್, ಪೋಲಿಷ್ ಎಲ್ಲ ಹುಟ್ಟಿದ ಮೂಲ ಸ್ಲಾವಿಕ್‌ನಲ್ಲಿ ಓರಗಿತ್ತಿ. ಪಕ್ಕದಲ್ಲೊಂದು ನಕ್ಷತ್ರ — ಅಂದರೆ ಯಾರೂ ಬರೆದಿಟ್ಟಿದ್ದಲ್ಲ, ಆಮೇಲೆ ಹುಟ್ಟಿದ ಭಾಷೆಗಳಲ್ಲಿ ಉಳಿದ ಚೂರುಗಳಿಂದ ನಾವೇ ಕಟ್ಟಿದ್ದು. ಸಂಸ್ಕೃತದ ‘ಯಾತೃ’ ಇದರ ನೆಂಟ. ಮೊದಲು ಇದರ ವಿಭಕ್ತಿ ರೂಪಗಳು ತಾಯಿ, ಮಗಳು ಪದಗಳ ಹಾಗೇ ನಡೀತಿದ್ದವಂತೆ. ಆಮೇಲೆ ‘ಅತ್ತೆ’ ಪದದ ದಾರಿ ಹಿಡಿದು ಷಷ್ಠಿ ವಿಭಕ್ತಿಯಲ್ಲಿ ‘ಯೆಂತ್ರುವೆ’ ಆಯ್ತು.

ಮೆಟ್ಟಿಲ ಮೇಲೆ ಅಕ್ಕ ಸಿಕ್ಕಳು. ನನ್ನ ಗಂಡನ ಅಣ್ಣನ ಹೆಂಡತಿ, ಇರೋದು ಮೇಲಿನ ಮಹಡಿಯಲ್ಲಿ. “ನೋಡಕ್ಕ, ವ್ಯಾಕರಣದಲ್ಲೂ ಅತ್ತೆಯದ್ದೇ ದರ್ಬಾರು!” ಅಂದೆ. ಕೆನ್ನೆಗೆ ಕೈ ಒತ್ತಿಕೊಂಡೇ ನಕ್ಕಳು. ಹಲ್ಲುನೋವಂತೆ.

ಮಾರ್ಚ್ 6

ಅಕ್ಕ ಕಾಣಿಸಲಿಲ್ಲ. ಭಾವ ಸ್ಕೂಟರ್ ಒರೆಸುತ್ತಾ, “ತಂಗಿ ಮನೆಗೆ ಹೋಗಿದ್ದಾಳಮ್ಮ. ಬರೋದು ತಡ ಆಗುತ್ತೆ,” ಅಂದರು. ನನಗೊಂದು ಮಾತೂ ಹೇಳದೆ? ಅವಳ ಫೋನ್ ಸ್ವಿಚ್ ಆಫ್. ತಂಗಿಯ ನಂಬರ್ ನನ್ನ ಹತ್ತಿರ ಇಲ್ಲ.

ಮೆಟ್ಟಿಲ ಬುಡದಲ್ಲಿ ಅವಳ ಕನ್ನಡಕ ಬಿದ್ದಿತ್ತು. ಒಂದು ಗಾಜು ಒಡೆದಿದೆ. ಅದಿಲ್ಲದೆ ಅಕ್ಕ ಗೇಟಿನ ತನಕವೂ ಹೋಗಲಾರಳು.

ಮಾರ್ಚ್ 7, ಮಧ್ಯಾಹ್ನ

ಭಾವ ಆಫೀಸಿಗೆ ಹೋಗಿದ್ದಾರೆ. ಮೇಲೆ ನಲ್ಲಿ ಬಿಟ್ಟ ಸದ್ದು. ನಿಂತಿತು. ಮತ್ತೆ ಬಂತು...

ಒಂದು ಕಡೆ ಚೂರು ಸಿಕ್ಕರೆ ಅದು ಬರೀ ಊಹೆ. ಬೇರೆ ಬೇರೆ ಕಡೆ ಸಿಕ್ಕರೆ ಪದ ಇದ್ದೇ ಇತ್ತು ಅಂತ ಬರೆಯೋದು ನಮ್ಮ ಕೆಲಸ. ಕನ್ನಡಕ ಒಂದು ಚೂರು, ನಲ್ಲಿ ಇನ್ನೊಂದು. ಅಕ್ಕ ಎಲ್ಲಿಗೂ ಹೋಗಿಲ್ಲ. ಮೇಲೇ ಇದ್ದಾಳೆ. ಭಯ ಆಗ್ತಿದೆ.

ಇವರಿಗೆ ಫೋನ್ ಮಾಡಿದೆ. ಟೂರ್‌ನಲ್ಲಿದ್ದಾರೆ. “ಗಂಡ ಹೆಂಡತಿ ವಿಷಯ ಕಣೇ. ನೀನು ಮೂಗು ತೂರಿಸಬೇಡ.”

ಮಾರ್ಚ್ 8

ಎಂಥ ದಡ್ಡಿ ನಾನು! ಏನೇ ಆದರೂ ಆಧಾರ ಗಟ್ಟಿ ಮಾಡಿಕೊಳ್ಳೋ ಚಟ. ಕನ್ನಡಕ ಹಿಡಿದು ನೆಟ್ಟಗೆ ಹೋಗಿ, “ಭಾವ, ಅಕ್ಕ ಇದನ್ನೇ ಬಿಟ್ಟು ಹೋಗಿದ್ದಾಳಲ್ಲ?” ಅಂದೆ. ತಗೊಂಡು ಜೇಬಿಗೆ ಹಾಕಿಕೊಂಡರು.

“ಇನ್ನೇನೇನು ಹುಡುಕಿದ್ದೀಯಮ್ಮ?”

ದನಿ ಏರಲೇ ಇಲ್ಲ. ಸಂಜೆ ನೋಡಿದರೆ ಮೇಲಿನ ಬಾಗಿಲಿಗೆ ಹೊಸ ಬೀಗ.

ಮಾರ್ಚ್ 11, ಬೆಳಿಗ್ಗೆ

ಇಷ್ಟು ದಿನ ಹೆದರಿ ಬಾಯಿ ಮುಚ್ಚಿಕೊಂಡಿದ್ದೆ. ಬರೆಯೋಕೂ ಹೆದರಿಕೆ. ನಿನ್ನೆಯಿಂದ ನಲ್ಲಿಯ ಸದ್ದೂ ಇಲ್ಲ. ಭಾವ ಹೊರಟ ಮೇಲೆ ಬಲೆ ತೆಗೆಯೋ ಉದ್ದ ಪೊರಕೆಯ ಹಿಡಿಯಿಂದ ಚಾವಣಿ ತಟ್ಟಿದೆ. ಏನೂ ಇಲ್ಲ. ಮತ್ತೆ ತಟ್ಟಿದೆ. ತುಂಬಾ ಹೊತ್ತಾದ ಮೇಲೆ, ಮೆಲ್ಲಗೆ, ಒಂದೇ ಒಂದು ಬಡಿತ.

ಪೊಲೀಸರಿಗೆ ಫೋನ್ ಮಾಡಿದೆ.

“ಅವರು ನಿಮಗೇನಾಗ್ಬೇಕು?”

“ಅಕ್ಕ.”

“ಸ್ವಂತ ಅಕ್ಕಾನಾ?”

“ಅಲ್ಲ, ಓರಗಿತ್ತಿ.”

“ಅವರ ಕಡೆಯವರು ಯಾರೂ ಇಲ್ವಾ ಮೇಡಂ?”

“ನಾನೇ ಅವಳ ಕಡೆಯವಳು,” ಅಂದೆ. ಬಾಯಿಂದ ಹಾಗೇ ಬಂತು. ಬರ್ತೀವಿ ಅಂದರು.

ಅವರ ಜೀಪಿಗೆ ಕಾಯ್ತಿದ್ದೀನಿ. ಬರೀತಾ ಇದ್ದರೆ ಹೊತ್ತು ಹೋಗುತ್ತೇನೋ.

ಗೇಟಿನ ಸದ್ದು. ಜೀಪಲ್ಲ — ಸ್ಕೂಟರ್. ಈ ಹೊತ್ತಲ್ಲಿ ಭಾವ ಯಾಕೆ... ಚಾವಣಿ ತಟ್ಟಿದ್ದು ಯಾರಿಗಾದರೂ ಕೇಳಿಸಿತಾ? ನನ್ನ ಬಾಗಿಲು ದಾಟಿ ಮೆಟ್ಟಿಲು ಹತ್ತುತ್ತಿದ್ದಾರೆ. ಬೀಗದ ಸದ್ದು.

ನಮ್ಮನೆಯವರ ಸುತ್ತಿಗೆ ಇಲ್ಲೇ ಬಾಗಿಲ ಹಿಂದೆ ಇದೆ. ಪೊಲೀಸರು ಬರೋ ತನಕ ಕಾಯೋಕೆ ಆಗಲ್ಲ. ನಾನೂ ಮೇಲೆ —