ಎರಡೂ ಬಲಗೈ

ಹೊಲಿಗೆಮನೆ,
ಮಂಗಳವಾರ ಸಂಜೆ

ನನ್ನ ಮುದ್ದಿನ, ಸದ್ಯಕ್ಕೆ ಕಿವಿ ಹಿಂಡಬೇಕೆನಿಸುವ ತಂಗೀ,

ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ. ಚೆನ್ನಾಗಿಯೇ ಇದ್ದೀಯ, ಲೋಕವೆಲ್ಲ ನೋಡುತ್ತಿದೆ. ಫೋನ್ ಮಾಡಿದರೆ ಎತ್ತುವುದಿಲ್ಲ, ಸಂದೇಶ ಕಳಿಸಿದರೆ ಒಂದು ಹೆಬ್ಬೆರಳು ತೋರಿಸಿ ಮಾಯವಾಗುತ್ತೀಯ. ಅದಕ್ಕೇ ಅಳತೆ ನಮೂನೆಗೆ ತಂದ ಕಂದು ಕಾಗದದ ಮೇಲೆ ಬರೆದು ಕಳಿಸುತ್ತಿದ್ದೇನೆ. ಇದಕ್ಕೆ ಹೆಬ್ಬೆರಳು ತೋರಿಸಿ ನುಣುಚಿಕೋ ನೋಡೋಣ.

ನೀನು ಗುಂಪಿನಲ್ಲಿ ಹಾಕಿರುವ ಆ ಕೈಗವಸಿನ ಫೋಟೋ ತೆಗೆದುಹಾಕು. ತೆಗೆದು, ಅದರ ಕೆಳಗೆ ನಾನು ನಿನಗೆ ಏನು ಬರೆದಿದ್ದೆನೋ ಅದನ್ನು ಇದ್ದ ಹಾಗೇ ನಿನ್ನ ಗುಂಪಿನವರಿಗೆಲ್ಲ ತೋರಿಸು. ಶನಿವಾರ ಸಿನಿಮಾದವರು ಬರುತ್ತಾರೆ. ಅಷ್ಟರೊಳಗೆ ನೀನು ಇಷ್ಟು ಮಾಡದಿದ್ದರೆ ನನ್ನ ಕೆಲಸ ಹೋಗುತ್ತದೆ. ಕೆಲಸದ ಜೊತೆ ಹೆಸರೂ ಹೋಗುತ್ತದೆ, ನನಗೆ ಉರಿಯುತ್ತಿರುವುದು ಅದಕ್ಕೆ.

ಮೊದಲಿನಿಂದ ಹೇಳುತ್ತೇನೆ, ನಿನಗೆ ಗೊತ್ತಿರುವುದು ಅರ್ಧ ಮಾತ್ರ. ‘ದೋಣಿಕಾರನ ಕಿರೀಟ’ ಪುಸ್ತಕ ಇನ್ನೂ ಅಂಗಡಿಗೇ ಬಂದಿಲ್ಲ. ಒಂದೇ ಒಂದು ಅಧ್ಯಾಯ ಹೊರಗೆ ಬಿಟ್ಟಿದ್ದಾರೆ. ಅದರಲ್ಲಿ ದೋಣಿಕಾರ ಮಾಯಾನದಿಯಲ್ಲಿ ಮುಳುಗುತ್ತಾನೆ, ಮರುಕ್ಷಣ ಆಚೆ ದಡದಲ್ಲಿ ಒಣಬಟ್ಟೆ ತೊಟ್ಟು ಕೂತಿರುತ್ತಾನೆ. ಅಷ್ಟೇ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ. ಪುಸ್ತಕ ಬರುವ ಮುಂಚೆ ಅದರ ಸಿನಿಮಾಕ್ಕೆ ನಾವಿಲ್ಲಿ ನಿಜವಾಗಿಯೂ ಕುಲಾವಿ, ನಿಲುವಂಗಿ, ಕೈಗವಸು ಹೊಲಿಯುತ್ತಿದ್ದೇವೆ. ಅದಾದರೂ ಹೊಟ್ಟೆಪಾಡು. ನಿಮ್ಮ ಅಭಿಮಾನಿಗಳ ಗುಂಪಿಗೇನಮ್ಮ ಬಂದಿದೆ ರೋಗ? ಯಾರು ರಾಣಿಯ ಪಾತ್ರ ಮಾಡುತ್ತಾರೆ, ಹಾರುವ ಮೀನಿಗೆ ದನಿ ಯಾರದು, ದೋಣಿಕಾರ ಒಬ್ಬನೋ ಇಬ್ಬರೋ ಎಂದು ಬೆಳಗಾದರೆ ಕಿತ್ತಾಟ. ನೀನಂತೂ ಅವಳಿ ಪಕ್ಷದ ನಾಯಕಿ. ಮುಳುಗಿದವನು ಒಬ್ಬ, ದಡದಲ್ಲಿ ಕೂತವನು ಅವನ ಅವಳಿ ಎಂದು ಡಂಗುರ ಸಾರಿದವಳು.

ಇನ್ನು ಕೈಗವಸಿನ ಕಥೆ. ಚರ್ಮಕ್ಕೆ ಒಳಮೈ ಬೇರೆ, ಹೊರಮೈ ಬೇರೆ. ಬಲಗೈ ಕತ್ತರಿಸಿದ ಮೇಲೆ ನಮೂನೆಯನ್ನು ಮಗುಚಿ ಹಾಕಿ ಎಡಗೈ ಕತ್ತರಿಸಬೇಕು. ಮಗುಚಲು ಮರೆತರೆ ಎರಡೂ ಬಲಗೈಯಾಗುತ್ತದೆ. ಕಲಿಯಲು ಬಂದವರು ಮೊದಲ ವಾರ ಮಾಡುವ ತಪ್ಪು ಇದು. ಇಷ್ಟು ವರ್ಷ ಕತ್ತರಿ ಹಿಡಿದ ನಾನು ಅದನ್ನೇ ಮಾಡಿದೆ. ಹೊಲಿದು, ಕೈಗವಸುಗಳ ಬೆನ್ನಿನ ಮೇಲೆ ದೋಣಿಯ ಕಸೂತಿಯನ್ನೂ ಮುಗಿಸಿ, ಮೇಜಿನ ಮೇಲೆ ಜೋಡಿಸಿದಾಗ ನೋಡುತ್ತೇನೆ, ಎರಡರ ಹೆಬ್ಬೆರಳೂ ಒಂದೇ ಕಡೆಗೆ. ಫೋಟೋ ತೆಗೆಯಬಾರದೆಂಬ ನಿಯಮ ನನಗೆ ಗೊತ್ತಿತ್ತು. ಆದರೂ ಅಳು ಬರುವ ಮುಂಚೆ ನಗಲು ಯಾರಾದರೂ ಬೇಕಿತ್ತು. ‘ನೋಡೇ ನನ್ನ ಪೆದ್ದತನ, ಎರಡೂ ಬಲಗೈ ಹೊಲಿದು ಕೂತಿದೀನಿ, ಸ್ವಲ್ಪ ನಗು’ ಎಂದು ಬರೆದು ನಿನಗೆ ಕಳಿಸಿದೆ.

ನೀನು ನಗಲಿಲ್ಲ. ನನ್ನ ಮಾತನ್ನು ಕತ್ತರಿಸಿ ಎಸೆದು, ಬರೀ ಫೋಟೋ ಹಾಕಿ, ‘ಮೂಲ ಕೇಳಬೇಡಿ, ಇಬ್ಬರು ದೋಣಿಕಾರರು, ಎರಡು ಬಲಗೈ’ ಎಂದು ಬರೆದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಿನ್ನ ಹಿಂದೆ ಸಾಲುಗಟ್ಟಿದರು. ಒಬ್ಬ ಹೆಬ್ಬೆರಳುಗಳ ಅಳತೆ ತೆಗೆದು ಅಣ್ಣ ಯಾರು ತಮ್ಮ ಯಾರು ಎಂದು ತೀರ್ಮಾನಿಸಿದ. ಇನ್ನೊಬ್ಬಳು ಮಣಿಕಟ್ಟಿನ ಕಲೆಯನ್ನು ದೊಡ್ಡದು ಮಾಡಿ, ಇದು ತಮ್ಮ ಸುರಿಸುವ ರಕ್ತ ಎಂದು ಕಣ್ಣೀರಿಟ್ಟಳು. ಅದು ನನ್ನ ಚಹಾ ಕಣೇ! ಅವಳಿಯ ವಾದಕ್ಕೆ ಎದುರು ನಿಂತಿದ್ದ ಒಂದೇ ಒಂದು ಪ್ರಾಣಿ, ‘ತೂತುದೋಣಿ’ ಎಂಬ ಅಡ್ಡಹೆಸರಿನವನು, ಇದು ಹೊಲಿಗೆಯವರ ತಪ್ಪಿರಬಹುದು ಎಂದನಂತೆ. ಅವನನ್ನು ನೀನು ಗುಂಪಿನಿಂದಲೇ ಆಚೆ ಹಾಕಿದೆ. ನಿಜ ಹೇಳಿದವನಿಗೆ ನೀನು ಕೊಟ್ಟ ಬಹುಮಾನ ಅದು.

ಸಿನಿಮಾದವರು ನಮ್ಮ ಯಜಮಾನಿಯ ಮೇಲೆ ಹರಿಹಾಯ್ದರು. ಕಥೆಯ ಗುಟ್ಟನ್ನು ಯಾರೋ ಇಲ್ಲಿಂದ ಮಾರಿದ್ದಾರೆ ಎಂಬುದು ಅವರ ಆರೋಪ. ಯಾವ ಗುಟ್ಟು? ಕಥೆಯಲ್ಲಿ ಅವಳಿ ಇದ್ದಾನೋ ಇಲ್ಲವೋ ನಿನ್ನಾಣೆಗೂ ನನಗೆ ಗೊತ್ತಿಲ್ಲ. ನಮಗೆ ಕೊಡುವುದು ಕೈಯ ಅಳತೆ, ಕಥೆಯಲ್ಲ. ಆದರೆ ಯಜಮಾನಿಯ ಅನುಮಾನ ಬಿದ್ದದ್ದು ಗುಂಡಿಯಕ್ಕನ ಮೇಲೆ. ನನ್ನ ಪಕ್ಕದ ಮೇಜಿನಲ್ಲಿ ಗುಂಡಿ ಹೊಲಿಯುವ ಅವಳು ಮೂರು ಹೊತ್ತೂ ಫೋನಿನಲ್ಲಿ ಮಗಳ ಜೊತೆ ಮಾತಾಡುತ್ತಿರುತ್ತಾಳೆ, ಅದೇ ಅವಳ ಅಪರಾಧ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಿನ್ನೆ ಅವಳನ್ನು ಮನೆಗೆ ಕಳಿಸಿದರು. ಹೋಗುವಾಗ ನನ್ನ ಕೈ ಹಿಡಿದು, ‘ನೀನಾದ್ರೂ ನನ್ನ ನಂಬ್ತೀಯಲ್ಲ, ಅಷ್ಟು ಸಾಕು’ ಎಂದಳು. ನಾನು ತಲೆಯಾಡಿಸಿದೆ.

ಇವತ್ತು ಮಧ್ಯಾಹ್ನ ಯಜಮಾನಿಯ ಮುಂದೆ ನಿಂತು ಎಲ್ಲ ಹೇಳಿಬಿಟ್ಟೆ. ಗುಂಡಿಯಕ್ಕನಿಗೆ ವಾಪಸ್ ಬರಲು ಕೂಡಲೇ ಹೇಳಿಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿ, ‘ಕಲಿಯೋರು ಮಾಡೋ ತಪ್ಪು ನೀನು ಮಾಡ್ದೆ ಅಂದ್ರೆ ಅವರು ನಂಬ್ತಾರಾ? ನನಗೇ ನಂಬೋಕೆ ಆಗ್ತಿಲ್ಲ. ಕತ್ತರಿಸೋವಾಗ ಮನಸ್ಸು ಎಲ್ಲಿ ಮೇಯೋಕೆ ಹೋಗಿತ್ತು?’ ಎಂದು ಕೇಳಿದರು. ನಾನು ನಿನಗೆ ಬರೆದದ್ದನ್ನು ತೋರಿಸೋಣವೆಂದರೆ, ನಿನ್ನೆ ಗುಂಡಿಯಕ್ಕನನ್ನು ಕಳಿಸಿದಾಗ ಹೆದರಿ ನನ್ನ ಫೋನಿನಿಂದ ಎಲ್ಲ ಅಳಿಸಿಬಿಟ್ಟಿದ್ದೆ. ಈಗ ಅದು ಇರುವುದು ನಿನ್ನ ಫೋನಿನಲ್ಲಿ ಮಾತ್ರ.

ನಿನ್ನ ಕಷ್ಟವೂ ನನಗೆ ಗೊತ್ತು. ಇಷ್ಟು ಜನ ಜೈಕಾರ ಹಾಕಿದ ಮೇಲೆ, ಅದು ಅವಳಿಯಲ್ಲ, ನಮ್ಮಕ್ಕನ ಎಡವಟ್ಟು ಎಂದು ಹೇಳಲು ಮುಖ ಬೇಕು. ನಗುತ್ತಾರೆ, ಉಗಿಯುತ್ತಾರೆ, ನಾಯಕಿಯ ಪಟ್ಟವೂ ಹೋದೀತು. ಪುಸ್ತಕ ಬಂದಾಗ ನಿಜವಾಗಿಯೂ ಅವಳಿ ಇದ್ದರೆ ಆಗ ಮತ್ತೆ ಮೆರೆ, ಬೇಡವೆಂದವರಾರು? ಚಿಕ್ಕಂದಿನಲ್ಲಿ ಹೂಜಿ ಒಡೆದು ನೀನು ನನ್ನ ಲಂಗದ ಹಿಂದೆ ಅವಿತುಕೊಂಡಾಗಲೆಲ್ಲ ಅಮ್ಮನ ಏಟು ತಿಂದವಳು ನಾನು. ಈ ಸಲ ಹೂಜಿ ಒಡೆದದ್ದು ನಾನೇ. ಆದರೆ ಚೂರುಗಳನ್ನು ಬೀದಿಯಲ್ಲಿ ಹರಡಿ ವಜ್ರ ಎಂದು ಕೂಗಿದವಳು ನೀನು. ಬಂದು ನನ್ನ ಪಕ್ಕ ನಿಲ್ಲು.

ಇಂತಿ,
ಕೋಪ ಆರದ, ಆದರೂ ನಿನ್ನವಳೇ ಆದ
ಅಕ್ಕ

ಕಡೆಗೊಂದು ಮಾತು: ಯಜಮಾನಿಗೆ ಹೇಳಲಾಗದ ಉತ್ತರವನ್ನು ನಿನಗೆ ಹೇಳುತ್ತೇನೆ. ಆ ಚರ್ಮ ಕತ್ತರಿಸುವಾಗ ನಾನು ಮನಸ್ಸಿನಲ್ಲೇ ನಿನ್ನ ಜೊತೆ ಜಗಳವಾಡುತ್ತಿದ್ದೆ, ಅವಳಿ ಇಲ್ಲವೇ ಇಲ್ಲ ಎಂದು. ತೂತುದೋಣಿ ನಾನೇ ಕಣೇ. ಅಕ್ಕನ ಫೋನ್ ಎತ್ತದ ನೀನು ಅವನಿಗೆ ದಿನಾ ಉತ್ತರ ಬರೆಯುತ್ತಿದ್ದೆ. ಒಂದು ದಿನ ವಾದದ ನಡುವೆ, ‘ನಿಂದು ಊಟ ಆಯ್ತಾ’ ಎಂದೂ ನೀನು ಅವನನ್ನು ಕೇಳಿದ್ದೆ. ಕೆಲಸ ಹೋದರೆ ಇನ್ನೊಂದು ಹುಡುಕಿಕೊಂಡೇನು. ಅವನನ್ನು ಗುಂಪಿಗೆ ವಾಪಸ್ ಸೇರಿಸಿಕೋ.