ಕೌಂಟರಿನಲ್ಲಿ ಒಬ್ಬಳೇ

ಬಿಜೈ, ಮಂಗಳೂರು
27 ಮೇ 2021

ಪ್ರೀತಿಯ ಮಗಳು ಅಕ್ಷಿತಾ,

ಈ ತಿಂಗಳ ಮೊದಲ ವಾರ ನಿನ್ನ ಆಸ್ಪತ್ರೆಯವರು ಫಾರ್ಮಸಿ ಕೌಂಟರಿನಿಂದ ಎರಡನೆಯ ಫಾರ್ಮಸಿಸ್ಟನ್ನು ತೆಗೆದರು. ಮೊನ್ನೆ ಸೋಮವಾರ, ಅದರಿಂದಾದ ತಪ್ಪನ್ನು ನಿನ್ನೊಬ್ಬಳ ಹೆಸರಿನಲ್ಲಿ ಬರೆದು ಅದೇ ಕೌಂಟರಿನ ಪಕ್ಕದ ಬೋರ್ಡಿಗೆ ಹಚ್ಚಿದರು, ನಿನ್ನನ್ನು ಕೆಲಸದಿಂದಲೂ ನಿಲ್ಲಿಸಿದರು. ಇದನ್ನು ಬರೆಯದೆ ಮುಂದಿನ ಸಾಲಿಗೆ ಕೈ ಹೋಗಲಿಲ್ಲ. ಇನ್ನು ಹೇಳು, ಹೇಗಿದ್ದೀ? ನಿನ್ನೆಯಾದರೂ ನಿದ್ದೆ ಬಂತೇ? ಫೋನ್ ಆಫ್ ಮಾಡಿ ನೀನು ಕಾಟಿಪಳ್ಳದಲ್ಲಿ ಕುಮುದಿನಿ ಅತ್ತೆಯ ಮನೆ ಸೇರಿದ ಮೇಲೆ ನನಗೆ ಸುದ್ದಿ ಸಿಗುವುದು ಅವಳಿಂದ ಮಾತ್ರ. "ಅಣ್ಣಾ, ಉಪ್ಪಿನ ಡಬ್ಬಿಯ ಹೆಸರನ್ನೂ ಎರಡೆರಡು ಸಲ ಓದ್ತಾಳೆ, ಆದ್ರೂ ಸಾರಿಗೆ ಹಾಕುವ ಧೈರ್ಯ ಇಲ್ಲ ಅವಳಿಗೆ" ಎಂದಳು. ಅದನ್ನು ಕೇಳಿದ ಮೇಲೆ ನನಗೂ ಅನ್ನ ಇಳಿಯುತ್ತಿಲ್ಲ. ಲಾಕ್‌ಡೌನ್ ಇಲ್ಲದಿದ್ದರೆ ಬಂದೇಬಿಡುತ್ತಿದ್ದೆ. ಅತ್ತೆಯ ಮಗ ರಂಜಿತನ ಮೀನಿನ ಗಾಡಿಗೆ ಪಾಸ್ ಇದೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನೀನು ಊಟಕ್ಕೆ ಕುಳಿತು ವಿವರಿಸಿದ್ದು ನೆನಪಿದೆ. ಒಬ್ಬರು ಚೀಟಿ ನೋಡಿ ಮದ್ದು ತೆಗೆಯಬೇಕು, ಇನ್ನೊಬ್ಬರು ಹೆಸರನ್ನೂ ಮಿಲಿಗ್ರಾಮನ್ನೂ ಗಟ್ಟಿಯಾಗಿ ಓದಿ ಕೊಡಬೇಕು. ನೀನು ತೆಗೆಯುವುದು, ಇಸಿದೋರ್ ಓದುವುದು. ಅವರನ್ನು ಕೋವಿಡ್ ವಾರ್ಡಿನ ಸ್ಟೋರಿಗೆ ಕಳಿಸಿದ ಮೇಲೆ ರಸ್ತೆಯವರೆಗಿನ ಸಾಲಿಗೆ ನೀನೊಬ್ಬಳೇ. ರಜೆ ಕೇಳಿದರೆ "ಎಲ್ಲರಿಗೂ ಕಷ್ಟ ಉಂಟಲ್ಲ" ಎಂಬ ಉತ್ತರ. ಇಂಜೆಕ್ಷನ್ ಸಿಗದವರ ಬೈಗುಳವೂ ನಿನಗೇ. ಕಡೆಗೆ ಕುಲಶೇಖರದ ಉಮರಬ್ಬರಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಹೆಚ್ಚು ಪವರಿನದ್ದು ಹೋಯಿತು. ಸಂಜೆ ಸ್ಟಾಕ್ ನೋಡುವಾಗ ಅದನ್ನು ಹಿಡಿದವಳೂ ನೀನೇ. ಅವರ ಮನೆಗೆ ಓಡಿ, ಅವರು ನುಂಗುವ ಮೊದಲೇ ಬದಲಿಸಿ, ಮರುದಿನ ಮೇಲಿನವರಿಗೆ ನೀನಾಗಿಯೇ ತಿಳಿಸಿದೆ. ಉಮರಬ್ಬರು ನನಗೆ ಫೋನ್ ಮಾಡಿದ್ದರು. "ಎಂತ ಮಾರಾಯ್ರೆ, ನಿಮ್ಮ ಮಗಳ ಮುಖ ನೋಡಿದ್ರೆ ಮದ್ದು ಅವಳಿಗೇ ಬೇಕು ಅಂತ ಕಂಡಿತು. ಚಾ ಕುಡಿಸಿ ಕಳಿಸಿದೆ" ಎಂದು ನಕ್ಕರು. ಅವರಿಗೆ ನಿನ್ನ ಮೇಲೆ ಒಂದಿಷ್ಟೂ ಸಿಟ್ಟಿಲ್ಲ.

ನಿನ್ನಜ್ಜ ಮೀನಿನ ಬೋಟ್ ನಡೆಸುವ ತಂಡೇಲರಾಗಿದ್ದರು. ಒಂದು ವರ್ಷ ಮಾಲೀಕ ಆಳು ಕಡಿಮೆ ಮಾಡಿ ಬೋಟ್ ಕಳಿಸಿದ. ಅದು ಹೊಳೆ ಕಡಲು ಸೇರುವ ಅಳಿವೆಬಾಗಿಲಲ್ಲಿ ಮರಳಿಗೆ ಬಡಿಯಿತು. ದೂರು ಬಿದ್ದದ್ದು ಚುಕ್ಕಾಣಿ ಹಿಡಿದವರ ಮೇಲೆ. ಆಳು ಕಡಿಮೆ ಮಾಡಿದವನನ್ನು ಯಾರೂ ಕೇಳಲಿಲ್ಲ. ಅಜ್ಜ ಮತ್ತೆ ಕಡಲಿಗೆ ಇಳಿಯಲಿಲ್ಲ, ಮಾತೂ ಕಡಿಮೆಯಾಯಿತು. ಕೆಲವರು ಸೊಕ್ಕು ಎಂದರು, ಕೆಲವರು ಸೋಮಾರಿತನ ಎಂದರು. ಅದು ಮನಸ್ಸಿನ ಕಾಯಿಲೆ ಎಂದು ನಾನು ಪುಸ್ತಕಗಳಲ್ಲಿ ಓದಿ ತಿಳಿಯುವಷ್ಟರಲ್ಲಿ ಅವರು ಇರಲಿಲ್ಲ. ನಿನ್ನದು ಹಾಗಾಗುವುದು ಬೇಡ. ಡಾಕ್ಟರ್ ಟಾನ್ಯಾ ಎಂಬ ಮನೋವೈದ್ಯೆ ಶನಿವಾರ ಬೆಳಿಗ್ಗೆ ಅತ್ತೆಯ ಫೋನಿಗೆ ಕರೆ ಮಾಡುತ್ತಾರೆ. ಮಾತಾಡು ಮಗಳೇ. ಅಳು ಬಂದರೆ ಅತ್ತುಬಿಡು.

ಅತ್ತೆಯನ್ನು ಕೇಳಿದೆನೆಂದು ಹೇಳು. ಹಸಿವೆಯೂ ನಿದ್ದೆಯೂ ನಿನಗೆ ಬೇಗ ಮರಳಲಿ.

ನಿನ್ನ ಅಪ್ಪ,
ಗಿರಿಯಪ್ಪ

ತಾ.ಕ.: ರಂಜಿತ್ ಹೊರಗೆ ಹಾರ್ನ್ ಹಾಕುತ್ತಿದ್ದಾನೆ. ನಿನ್ನೆ ಆಸ್ಪತ್ರೆಯಿಂದ ಜನ ಬಂದಿತ್ತು. ತಪ್ಪು ಪೂರ್ತಿ ನಿನ್ನದೇ ಎಂಬ ಕಾಗದಕ್ಕೆ ಸಹಿ ಮಾಡಿದರೆ ಕೆಲಸಕ್ಕೆ ವಾಪಸ್ ತೆಗೆದುಕೊಳ್ಳುತ್ತಾರಂತೆ. ನಾಳೆ ಅಲ್ಲಿಗೂ ಬರಬಹುದು. ಕೆಲಸ ಬಿಡುವುದೂ ಸೇರುವುದೂ ನಿನ್ನಿಷ್ಟ, ಸಹಿ ಮಾತ್ರ ಬೇಡ. ನಾನು ಅವರಿಗೆ ಬರೆದುಕೊಟ್ಟಿದ್ದೇನೆ, ಪತ್ರಿಕೆಗೂ ಕಳಿಸಿದ್ದೇನೆ: ಇಸಿದೋರರನ್ನು ಕೌಂಟರಿನಿಂದ ತೆಗೆಯಲು ಹೇಳಿದವರು ಯಾರು? ನನ್ನ ಮಗಳ ಹೆಸರು ಹಚ್ಚಿದ ಬೋರ್ಡಿನಲ್ಲೇ, ಸಾಲಿನಲ್ಲಿ ನಿಂತವರೆಲ್ಲ ಓದುವಂತೆ, ಅವರ ಹೆಸರನ್ನೂ ಬರೆಯಿರಿ.